ಮೂರು ಬೆರಳು ತಗ್ಗಿನ ಕಂಬಿಗಳು

ದಾವಣಗೆರೆಯಿಂದ ಹರಿಹರಕ್ಕೆ ಹೋಗಿಬರುವ ಸರ್ಕಾರಿ ಬಸ್ಸಿನಲ್ಲಿ ನಾನು ಕಂಡಕ್ಟರ್. ಹದಿನಾರು ವರ್ಷವಾಯಿತು. ದಾರಿ ಚಿಕ್ಕದು, ಜನ ಜಾಸ್ತಿ. ಅರ್ಧ ದಾರಿಯ ಬಾತಿ ಬರುವಷ್ಟರಲ್ಲಿ ಕೊನೆಯ ಸೀಟಿನವರೆಗೂ ಟಿಕೆಟ್ ಕೊಟ್ಟು ಮುಗಿಸಬೇಕು. ಒಂದು ಕೈಯಲ್ಲಿ ಟಿಕೆಟ್ ಮಷಿನ್, ಇನ್ನೊಂದರಲ್ಲಿ ಚಿಲ್ಲರೆ. ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲ. ಸೊಂಟವನ್ನು ಸೀಟಿಗೆ ಆನಿಸಿ, ಕಾಲು ಸ್ವಲ್ಪ ಅಗಲಿಸಿ ನಿಂತೆನೆಂದರೆ ಬಸ್ಸು ಎಷ್ಟು ಕುಲುಕಿದರೂ ನಾನು ಅಲುಗುತ್ತಿರಲಿಲ್ಲ. ಆ ಕಾಲುಗಳು ಹೋದವು, ಮತ್ತೆ ಬಂದವು. ಬಂದದ್ದಕ್ಕೆ ಪೂರ್ತಿ ಸಂತೋಷಪಡಲು ಮಾತ್ರ ನನಗೆ ಇನ್ನೂ ಆಗಿಲ್ಲ. ಇದೇ ಕಾಯಿಲೆಯಲ್ಲಿ ಮಲಗಿರುವವರಿಗೆ ಯಾರಾದರೂ ಇದನ್ನು ಓದಿ ಹೇಳಲಿ ಎಂದು ಬರೆಯುತ್ತಿದ್ದೇನೆ. ಕಾಲು ಬರುತ್ತದೆ, ಹೆಚ್ಚಿನವರಿಗೆ ಬರುತ್ತದೆ. ಉಳಿದದ್ದನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೊದಲು ಒಂದು ವಾರ ಭೇದಿ, ಜ್ವರ. ಮಾತ್ರೆ ನುಂಗಿ ಡ್ಯೂಟಿಗೆ ಹೋದೆ. ಅದೆಲ್ಲ ಮುಗಿಯಿತು ಅಂದುಕೊಂಡ ಮೇಲೆ ಪಾದಗಳಿಗೆ ಜೋಮು ಹಿಡಿಯಿತು. ಹೊಸ ಚಪ್ಪಲಿಯದೇ ತೊಂದರೆ ಎಂದು ಹಳೆಯದನ್ನು ಹಾಕಿಕೊಂಡೆ. ಮರುದಿನ ಟಿಕೆಟ್ ಮಷಿನ್ನಿನ ಗುಂಡಿ ಒತ್ತಲು ಬೆರಳಿಗೆ ಬಲ ಸಾಲಲಿಲ್ಲ. ಅದರ ಮರುದಿನ ಹರಿಹರದ ನಿಲ್ದಾಣದಲ್ಲಿ ಇಳಿಯುವಾಗ ಎರಡೂ ಮೊಣಕಾಲು ಮಡಚಿಕೊಂಡು ಮೆಟ್ಟಿಲಿನಿಂದ ಕೆಳಗೆ ಕುಸಿದೆ. ನೋವಾಗಲಿಲ್ಲ. ಎದ್ದೇಳಲು ಹೋದರೆ ಕಾಲುಗಳು ನನ್ನವೇ ಅಲ್ಲ. ಮುದುಕಿಯೊಬ್ಬಳು ಹೊಟ್ಟೆಗೆ ಏನೂ ತಿಂದಿಲ್ಲವೇನೋ ಎಂದು ಬಾಳೆಹಣ್ಣು ಸುಲಿದು ಬಾಯಿಗೆ ಹಿಡಿದಳು. ಡ್ರೈವರೂ ಮತ್ತೊಬ್ಬರೂ ಸೇರಿ ನನ್ನನ್ನು ಎತ್ತಿ ಅದೇ ಬಸ್ಸಿನ ಸೀಟಿನಲ್ಲಿ ಕೂರಿಸಿದರು. ಹದಿನಾರು ವರ್ಷದಲ್ಲಿ ಆ ದಾರಿಯನ್ನು ಪೂರ್ತಿ ಕೂತು ಬಂದದ್ದು ಅದೇ ಮೊದಲು.

ನನ್ನ ಗಂಡ ಮಂಜಣ್ಣ ಮೋಟರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಮನೆ ದಾವಣಗೆರೆ ಪಕ್ಕದ ಶಾಮನೂರಿನಲ್ಲಿ. ನಮಗೆ ಮಕ್ಕಳಿಲ್ಲ, ಅತ್ತೆ ಹಾಲಮ್ಮ ನಮ್ಮ ಜೊತೆಗಿದ್ದಾರೆ. ಡ್ರೈವರ್ ನನ್ನನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿ ಫೋನು ಮಾಡಿದ್ದೇ ಇಬ್ಬರೂ ಬಂದರು. ಸಂಜೆಯವರೆಗೆ ಒಂದು ಕಾರಿಡಾರಿನಲ್ಲಿ ಕಾದೆವು. ಅಲ್ಲಿ ಸ್ಟ್ರೆಚರ್ ಮೇಲೆ ಮಲಗಿ ನಾನು ನೋಡಿದ್ದು ಚಾವಣಿಯ ಒಂದು ತೇವದ ಕಲೆಯನ್ನು, ಅತ್ತೆಯ ಮುಖವನ್ನು. ಅವರು ನನ್ನ ಪಾದ ಹಿಡಿದು ಚಿವುಟುತ್ತಿದ್ದರು. ಚಿವುಟುತ್ತಿದ್ದದ್ದು ನನಗೆ ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ. ಬೆನ್ನಿನಿಂದ ನೀರು ತೆಗೆದರು, ಕೈಕಾಲಿಗೆ ಕರೆಂಟ್ ಕೊಟ್ಟು ನೋಡಿದರು. ಜಿ.ಬಿ.ಎಸ್. ಅಂದರು. ನನ್ನ ದೇಹವೇ ನನ್ನ ನರಗಳ ಮೇಲೆ ತಿರುಗಿಬಿದ್ದಿದೆ ಎಂದು ಡಾಕ್ಟರು ಹೇಳಿದ್ದಷ್ಟೇ ಅರ್ಥವಾಯಿತು. ಕಾಲಿನಿಂದ ಮೇಲೆ ಏರುತ್ತಿದೆ, ಉಸಿರಿನವರೆಗೆ ಏರದಂತೆ ನೋಡಿಕೊಳ್ಳಬೇಕು ಎಂದು ಐಸಿಯುಗೆ ಹಾಕಿದರು.

ನನ್ನ ಪಕ್ಕದ ಮಂಚದಲ್ಲಿ ನಸೀಮಾ ಇದ್ದಳು. ಇಪ್ಪತ್ತಮೂರು ವರ್ಷ. ಹರಿಹರದ ಹುಡುಗಿ, ಅಲ್ಲಿಯ ಒಂದು ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಹೇಳುತ್ತಿದ್ದಳು. ನನಗಿಂತ ಎರಡು ದಿನ ಮೊದಲು ಇದೇ ಕಾಯಿಲೆಯಿಂದ ಸೇರಿದ್ದಳು. ನಮ್ಮಿಬ್ಬರಿಗೂ ಕುತ್ತಿಗೆ ತಿರುಗಿಸಲು ಬರುತ್ತಿತ್ತು, ಮಾತು ಬರುತ್ತಿತ್ತು. ಅವಳು ನನ್ನ ಬಸ್ಸಿನಲ್ಲಿ ಎಷ್ಟೋ ಸಲ ಬಂದಿದ್ದಳಂತೆ. ಚಿಲ್ಲರೆ ಇಲ್ಲವೆಂದು ನಾನು ಒಮ್ಮೆ ಬೈದಿದ್ದೆನಂತೆ. ನನಗೆ ನೆನಪಿರಲಿಲ್ಲ. ಅದನ್ನು ಹೇಳಿ ಅವಳು ನಕ್ಕಾಗ ಮುಖದ ಒಂದು ಭಾಗ ಮಾತ್ರ ನಗುತ್ತಿತ್ತು.

ದಿನಕ್ಕೆ ಐದಾರು ಸಲ ಸಿಸ್ಟರ್ ಬಂದು, ದೀರ್ಘ ಉಸಿರು ತೆಗೆದುಕೊಂಡು ಒಂದೇ ಉಸಿರಿಗೆ ಎಷ್ಟಾಗುತ್ತದೋ ಅಷ್ಟು ಎಣಿಸಿ ಅನ್ನುತ್ತಿದ್ದರು. ಎದೆಯ ಬಲ ಇಳಿಯುತ್ತಿದೆಯೇ ಎಂದು ನೋಡಲು ಅದೇ ಪರೀಕ್ಷೆ. ನಸೀಮಾ ಪಾಠ ಹೇಳುವ ರಾಗದಲ್ಲಿ ಎಣಿಸುತ್ತಿದ್ದಳು. ಮೊದಲ ದಿನ ಅವಳದ್ದು ಹದಿನೆಂಟು, ನನ್ನದು ಇಪ್ಪತ್ತು. ಎರಡನೇ ದಿನ ನನ್ನದು ಹದಿನಾರು, ಅವಳದ್ದು ಹದಿಮೂರು. ಅವಳು ಎಣಿಸುವಾಗ ನಾನು ಮನಸ್ಸಿನಲ್ಲಿ ಜೊತೆಗೆ ಎಣಿಸುತ್ತಿದ್ದೆ. ನನ್ನ ಸಂಖ್ಯೆ ದೊಡ್ಡದಾದಾಗ ಎದೆಯೊಳಗೆ ಸಣ್ಣದೊಂದು ಹಗುರ. ಅದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೂರನೇ ದಿನ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಅವಳು ನನ್ನ ಕಡೆ ಕುತ್ತಿಗೆ ತಿರುಗಿಸಿ ಮೆಲ್ಲಗೆ ಕರೆದಳು.

"ಅಕ್ಕಾ, ನೀರು ಗಂಟ್ಲಾಗೆ ನಿಲ್ಲಾಕತ್ತೈತೆ. ಇಳಿಯಂಗಿಲ್ಲ."

ಸಿಸ್ಟರಿಗೆ ಹೇಳು ಅಂದೆ. ಅವಳು ಎದುರಿನ ಮಂಚದತ್ತ ನೋಡಿದಳು. ಅಲ್ಲಿ ಗಂಟಲಿಗೆ ಪೈಪು ಹಾಕಿಸಿಕೊಂಡ ಮುದುಕರೊಬ್ಬರಿದ್ದರು. ಅವರ ಕಣ್ಣು ಮಾತ್ರ ಅಲುಗುತ್ತಿತ್ತು. ಅವರನ್ನು ನೋಡುವುದು ನಮ್ಮಿಬ್ಬರಿಗೂ ಆಗುತ್ತಿರಲಿಲ್ಲ.

"ಹೇಳಿದ್ರೆ ನನಗೂ ಹಂಗೇ ಹಾಕ್ತಾರಕ್ಕ. ನೀವೂ ಹೇಳಬ್ಯಾಡ್ರಿ. ನಾಳೆ ಸರಿ ಹೋಗ್ತೈತೆ."

ನಾನು ಹೇಳಲಿಲ್ಲ. ಸಿಸ್ಟರ್ ಎರಡು ಸಲ ನಮ್ಮ ಮಂಚಗಳ ನಡುವೆ ಹಾದುಹೋದರು. ಒಂದು ಸಲ ನನ್ನ ಕೈಗೆ ಹಾಕಿದ್ದ ಸೂಜಿ ಸರಿಮಾಡಿದರು. ಬಾಯಿ ತೆರೆದರೆ ಸಾಕಿತ್ತು. ಸಂಜೆ ಅವಳ ತಂದೆ ಬಂದು ಅರ್ಧ ಗಂಟೆ ಕೂತು ಹೋದರು. ಅಷ್ಟರಲ್ಲಿ ನನಗೆ ನಿದ್ದೆ ಹತ್ತಿತ್ತು. ಎಚ್ಚರವಾದದ್ದು ಓಡಾಟದ ಸದ್ದಿಗೆ. ಅವಳ ಮಂಚದ ಸುತ್ತ ಪರದೆ ಎಳೆದಿದ್ದರು. ಗೋಡೆಯ ಗಡಿಯಾರದಲ್ಲಿ ಏಳು ಗಂಟೆ. ಪರದೆ ಸರಿಸಿದಾಗ, ಉಸಿರು ಕಟ್ಟಿದ್ದ ಅವಳ ಗಂಟಲಿಗೂ ಪೈಪು ಹಾಕಿದ್ದರು. ಆಮೇಲೆ ಅವಳು ಮಾತಾಡಿದ್ದನ್ನು ನಾನು ಕೇಳಲಿಲ್ಲ.

ನನ್ನ ಸಂಖ್ಯೆ ಹನ್ನೆರಡಕ್ಕೆ ಇಳಿದು ಅಲ್ಲೇ ನಿಂತಿತು. ಆಮೇಲೆ ಏರತೊಡಗಿತು. ಯಾಕೆ ನಿಂತಿತೋ ಯಾರಿಗೂ ಗೊತ್ತಿಲ್ಲ. ನನ್ನನ್ನು ಸಾಮಾನ್ಯ ವಾರ್ಡಿಗೆ ಕಳಿಸಿದರು. ಹೋಗುವಾಗ ಅವಳ ಕಣ್ಣು ನನ್ನ ಕಡೆ ತಿರುಗಿತು, ತಿರುಗಿದ ಹಾಗೆ ನನಗನ್ನಿಸಿತು. ಇನ್ನೆರಡು ವಾರಕ್ಕೆ, ಪೈಪು ತೆಗೆಯುವ ಮಾತಾಡುತ್ತಿದ್ದಾಗಲೇ, ಎದೆಗೆ ಸೋಂಕು ತಗುಲಿ ಅವಳು ತೀರಿಕೊಂಡಳು. ನಾನು ಗಟ್ಟಿಯಾಗುವವರೆಗೆ ಮಂಜಣ್ಣ ಆ ವಿಷಯ ಹೇಳಿರಲಿಲ್ಲ.

ಮನೆಗೆ ಬಂದಾಗ ನಾನು ಅರ್ಧ ಮಣ್ಣಿನ ಗೊಂಬೆ. ಕೈ ಎತ್ತಿದರೆ ತಲೆ ಮುಟ್ಟುತ್ತಿರಲಿಲ್ಲ. ಅತ್ತೆ ನನಗೆ ತಲೆ ಬಾಚಿ, ಊಟ ಮಾಡಿಸಿ, ಬೆಡ್‌ಪ್ಯಾನ್ ತೆಗೆದರು. ದುಗ್ಗಮ್ಮನಿಗೆ ಹರಕೆ ಹೊತ್ತಿದ್ದರು. ಬಾಣಂತಿಯ ಹಾಗೆ ಬೆಚ್ಚಗೆ ಮಲಗಿದ್ದರೆ ಬಲ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ವಾರಕ್ಕೊಮ್ಮೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಬೇರೆಯೇ ಹೇಳಿದಳು. ದಿನಾ ಸ್ವಲ್ಪ ಸ್ವಲ್ಪ ಮಾಡಬೇಕು, ಸುಸ್ತಾಗುವ ಮೊದಲೇ ನಿಲ್ಲಿಸಬೇಕು, ನಿಮಗೆ ಯಾವ ಕೆಲಸ ಬೇಕೋ ಅದಕ್ಕೆ ಬೇಕಾದ ಬಲವನ್ನೇ ಕಟ್ಟಿಕೊಳ್ಳಬೇಕು, ಅದಕ್ಕೆ ಜಿಮ್ಮು ಬೇಡ, ಮನೆಯಲ್ಲಿರುವುದೇ ಸಾಕು ಎಂದಳು. ನಿಮಗೆ ಏನು ಬೇಕು ಎಂದು ಕೇಳಿದಳು. ಬಸ್ಸು ಹತ್ತಬೇಕು ಅಂದೆ.

ಮಂಜಣ್ಣನಿಗೆ ಅಷ್ಟು ಸಾಕಾಯಿತು. ನೀರಿನ ಬಾಟಲಿಗಳಿಗೆ ಮರಳು ತುಂಬಿದರು, ಮೊದಲು ಕಾಲುಭಾಗ, ಆಮೇಲೆ ಅರ್ಧ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಮಂಚದ ಕಾಲಿಗೆ ಕಟ್ಟಿದರು. ಅದನ್ನು ಪಾದದಿಂದ ಎಳೆಯಬೇಕು. ಬಾವಿಯ ರಾಟೆಯನ್ನು ತೊಲೆಗೆ ತೂಗುಹಾಕಿ ಹಗ್ಗ ಹಾಕಿದರು. ಬಲ ಬಂದ ಕೈಯಿಂದ ಎಳೆದರೆ ಬಾರದ ಕೈ ಮೇಲೇಳುತ್ತಿತ್ತು. ಒಂದು ಕುರ್ಚಿಯ ಮೇಲೆ ಐದು ಹಲಗೆ ಪೇರಿಸಿಟ್ಟರು. ಅಷ್ಟು ಎತ್ತರದಿಂದ ಏಳುವುದು ಸುಲಭ. ಒಂದು ಹಲಗೆ ತೆಗೆದರೆ ಅದೇ ಬೆಟ್ಟ. ಮೂರನೇ ಹಲಗೆ ತೆಗೆಯಲು ನನಗೆ ಐದು ವಾರ ಹಿಡಿಯಿತು. ಅತ್ತೆ ಮೊದಲು ಬೈದರು, ಆಮೇಲೆ ಬಾಗಿಲಲ್ಲಿ ನಿಂತು ನೋಡಿದರು, ಒಂದು ದಿನ ತಾವೇ ಹಳೇ ಸೀರೆಯ ತುಂಡಿನಲ್ಲಿ ಎರಡು ಉದ್ದನೆಯ ಚೀಲ ಹೊಲಿದು ಜೋಳ ತುಂಬಿ ತಂದರು. ಕಣಕಾಲಿಗೆ ಕಟ್ಟಿಕೊಂಡು ಕಾಲು ಎತ್ತಲು.

ಎಲ್ಲ ಇತ್ತು. ಎಣಿಸುವುದೊಂದು ಆಗುತ್ತಿರಲಿಲ್ಲ. ಹದಿನೈದು ಸಲ ಎತ್ತಿ ಎಂದು ಬರೆದುಕೊಟ್ಟಿದ್ದರೆ, ಒಂದು, ಎರಡು ಅನ್ನುತ್ತಿದ್ದಂತೆ ಆ ಪಾಠದ ರಾಗ ಕಿವಿಯಲ್ಲಿ ಶುರುವಾಗುತ್ತಿತ್ತು. ಅವಳು ತೀರಿಕೊಂಡದ್ದು ಗೊತ್ತಾದ ಮೇಲೆ ಅದು ಇನ್ನೂ ಸ್ಪಷ್ಟವಾಯಿತು. ಹಾಡುಹಗಲಲ್ಲಿ, ಹೊರಗೆ ಟ್ರ್ಯಾಕ್ಟರ್ ಓಡಾಡುತ್ತಿರುವಾಗ, ಯಾರೋ ಪಕ್ಕದ ಮಂಚದಲ್ಲಿ ನನ್ನ ಜೊತೆ ಎಣಿಸುತ್ತಿದ್ದಂತೆ. ಹದಿಮೂರಕ್ಕೆ ಬಂದಾಗ ಆ ಧ್ವನಿ ನಿಲ್ಲುತ್ತಿತ್ತು, ನನ್ನದು ಮುಂದೆ ಹೋಗುತ್ತಿತ್ತು. ನಾನು ಸಂಖ್ಯೆ ಬಿಟ್ಟು ನಿಲ್ದಾಣಗಳ ಹೆಸರು ಹೇಳತೊಡಗಿದೆ. ಬಸ್ ಸ್ಟ್ಯಾಂಡಿನಿಂದ ಬಾತಿ, ಬಾತಿಯಿಂದ ಹರಿಹರ. ಮಂಜಣ್ಣ ಡ್ಯೂಟಿಯ ಹಂಬಲ ಅಂದುಕೊಂಡರು. ನಾನು ತಿದ್ದಲಿಲ್ಲ.

ಎರಡೂ ಬದಿ ಹಿಡಿದು ನಡೆಯಲು ಎರಡು ಕಂಬಿಗಳು ಬೇಕು ಎಂದು ಫಿಸಿಯೋ ಹುಡುಗಿ ಹೇಳಿದ ವಾರವೇ ಇಮಾಮ್ ಸಾಬರ ಫೋನು ಬಂತು. ನಸೀಮಾಳ ತಂದೆ. ಹರಿಹರದಲ್ಲಿ ಬಡಗಿ. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಅವರಿಗೂ ಮಂಜಣ್ಣನಿಗೂ ಪರಿಚಯವಾಗಿತ್ತು. ಇಬ್ಬರೂ ಒಂದೇ ಬೆಂಚಿನಲ್ಲಿ ಹದಿನೈದು ದಿನ ಕೂತಿದ್ದರು. ತಂಗಿ ಹೇಗಿದ್ದಾರೆ ಎಂದು ನನ್ನ ಬಗ್ಗೆ ವಿಚಾರಿಸಿದರು. ಮಂಜಣ್ಣ ಕಂಬಿಯ ವಿಷಯ ಹೇಳಿದರು. ಭಾನುವಾರ ತರುತ್ತೇನೆ ಅಂದರಂತೆ.

ಭಾನುವಾರ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಕಂಬಿಗಳು ಬಂದವು. ಸಾಗುವಾನಿಯ ಕಂಬಿಗಳು, ನಾಲ್ಕು ಗಟ್ಟಿ ಕಾಲು, ಕೈಗೆ ಸಿಬಿರು ಚುಚ್ಚದ ಹಾಗೆ ಉಜ್ಜಿದ್ದು. ಹೊಸದಾಗಿ ಮಾಡಿದ್ದಲ್ಲ. ಮಗಳ ಪೈಪು ತೆಗೆಯುತ್ತಾರೆ, ಮನೆಗೆ ಬರುತ್ತಾಳೆ ಎಂದು ಡಾಕ್ಟರು ಹೇಳಿದ ದಿನ ಶುರು ಮಾಡಿದ್ದರಂತೆ. ಮುಗಿದು ವಾರ್ನಿಷ್ ಒಣಗುತ್ತಿದ್ದಾಗ ಆಸ್ಪತ್ರೆಯಿಂದ ಫೋನು ಬಂದಿತ್ತು. ಇದನ್ನೆಲ್ಲ ಅವರು ಮಂಜಣ್ಣನಿಗೆ ಅಂಗಳದಲ್ಲಿ ಹೇಳಿದರು. ಕಿಟಕಿಯಿಂದ ನನಗೆ ಕೇಳಿಸಿತು.

ನನ್ನನ್ನು ಎತ್ತಿ ಕಂಬಿಗಳ ನಡುವೆ ನಿಲ್ಲಿಸಿದರು. ಹಿಡಿದುಕೊಂಡರೆ ಬೆನ್ನು ಬಾಗಿತು. ಮೂರು ಬೆರಳಿನಷ್ಟು ತಗ್ಗು. ನಸೀಮಾ ನನಗಿಂತ ಗಿಡ್ಡ ಎಂದು ನನಗೆ ಗೊತ್ತಾದದ್ದು ಆಗ. ಮಲಗಿದ್ದಾಗ ಎತ್ತರ ಗೊತ್ತಾಗಿರಲಿಲ್ಲ. ಇಮಾಮ್ ಸಾಬರು ಬಾಗಿದ ನನ್ನ ಬೆನ್ನನ್ನೇ ನೋಡಿ, ಅಂಗಳಕ್ಕೆ ಹೋಗಿ ನಾಲ್ಕು ಮರದ ತುಂಡು ಕೊಯ್ದು ತಂದು ಕಂಬಿಯ ಕಾಲುಗಳ ಕೆಳಗೆ ಕೊಟ್ಟರು. ಆ ಹೊತ್ತಿಗೆ ನಾನು ಹೇಳಬೇಕಿತ್ತು. ಮೂರು ಗಂಟೆಗೆ ನಿಮ್ಮ ಮಗಳು ನನಗೊಂದು ಮಾತು ಹೇಳಿದ್ದಳು ಎಂದು. ನನ್ನ ಬಾಯಿಂದ ಬಂದದ್ದು, ಎತ್ತರ ಈಗ ಸರಿಯಾಯ್ತಣ್ಣ, ಅಷ್ಟೇ.

ಆಮೇಲೆ ಅವರು ಹೆಚ್ಚಿನ ಭಾನುವಾರಗಳಲ್ಲಿ ಬರತೊಡಗಿದರು. ಸ್ಕ್ರೂ ಬಿಗಿ ಮಾಡಿ, ಚಹಾ ಕುಡಿದು, ನಾನು ಎಷ್ಟು ಹೆಜ್ಜೆ ಹಾಕುತ್ತೇನೆಂದು ನೋಡಿ ಹೋಗುತ್ತಿದ್ದರು. ನಾನು ಕಂಬಿ ಬಿಟ್ಟು ಮೊದಲ ಸಲ ಮೂರು ಹೆಜ್ಜೆ ನಡೆದ ದಿನ ಅವರೂ ಇದ್ದರು. ಅತ್ತೆ ಅಳುತ್ತಿದ್ದರು. ಇಮಾಮ್ ಸಾಬರು ಗೋಡೆಯತ್ತ ತಿರುಗಿ ರಾಟೆಯ ಹಗ್ಗವನ್ನು ಪರೀಕ್ಷಿಸುತ್ತಿದ್ದರು. ಅದು ಸರಿಯಾಗೇ ಇತ್ತು.

ಬಸ್ಸು ಹತ್ತುವುದು ಬೇರೆಯೇ ವಿದ್ಯೆ. ಮನೆಯ ಮೆಟ್ಟಿಲು ತಗ್ಗು, ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಇಮಾಮ್ ಸಾಬರು ಹರಿಹರದ ನಿಲ್ದಾಣದಲ್ಲಿ ನಿಂತ ಬಸ್ಸಿನ ಮೆಟ್ಟಿಲಿಗೆ ಟೇಪು ಹಿಡಿದು ಅಳೆದುಕೊಂಡು, ಅದೇ ಅಳತೆಯ ಮೂರು ಮೆಟ್ಟಿಲು ಮಾಡಿ ತಂದರು. ಪಕ್ಕದಲ್ಲಿ ಹಿಡಿಯಲು ಕಂಬ. ಕೆಳಗೆ ಅರ್ಧವೃತ್ತದ ಕಟ್ಟಿಗೆ ಹೊಡೆದ ಒಂದು ಹಲಗೆಯನ್ನೂ ಮಾಡಿದರು. ಅದರ ಮೇಲೆ ನಿಂತರೆ ಓಡುವ ಬಸ್ಸಿನಂತೆ ಕುಲುಕುತ್ತಿತ್ತು. ಮೊದಲು ಬರಿಗೈಯಲ್ಲಿ ನಿಂತೆ, ಆಮೇಲೆ ಮರಳಿನ ಬಾಟಲಿ ಹಿಡಿದು, ಕೊನೆಗೆ ಚಿಲ್ಲರೆ ಚೀಲ ಹೆಗಲಿಗೆ ಹಾಕಿಕೊಂಡು, ಕಣ್ಣು ಮುಚ್ಚಿ. ಕಾಲಿನ ಮೀನಖಂಡ ಮತ್ತೆ ಗಟ್ಟಿಯಾಯಿತು. ಕೈಯಿಂದ ಒತ್ತಿ ನೋಡಿದಾಗ ಸಂತೋಷವಾಗುತ್ತಿತ್ತು, ಮರುಕ್ಷಣವೇ ಅದು ಇನ್ನೊಬ್ಬರ ಸಾಮಾನನ್ನು ಇಟ್ಟುಕೊಂಡಂಥ ಸಂಕಟ.

ಪ್ರತಿ ಭಾನುವಾರ ಹೇಳಬೇಕೆಂದು ಅಂದುಕೊಳ್ಳುತ್ತಿದ್ದೆ. ಯಾಕೆ ಹೇಳಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಬರೆಯುತ್ತೇನೆ. ಅವರ ಮನಸ್ಸು ನೋಯುತ್ತದೆ ಎಂದಲ್ಲ. ಹೇಳಿದರೆ ಅವರು ಬರುವುದು ನಿಲ್ಲಿಸುತ್ತಾರೆ, ನನಗೆ ಮೆಟ್ಟಿಲು ಬೇಕಿತ್ತು, ಹಲಗೆ ಬೇಕಿತ್ತು. ನನ್ನ ಕಾಲುಗಳಿಗಾಗಿ ಸುಮ್ಮನಿದ್ದೆ. ಆಸ್ಪತ್ರೆಯಲ್ಲಿ ತೋರಿಸಲು ಹೋದಾಗ ಡಾಕ್ಟರನ್ನು ಕೇಳಿದ್ದೆ, ಆ ಹುಡುಗಿಯ ವಿಷಯ ನಾಲ್ಕು ತಾಸು ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳೇ ಎಂದು. ಅವರು ಪೆನ್ನು ಕೆಳಗಿಟ್ಟು ಸ್ವಲ್ಪ ಯೋಚಿಸಿ, ಹೇಳಲಿಕ್ಕೆ ಬರುವುದಿಲ್ಲ ಅಂದರು. ಇಲ್ಲ ಅಂದಿದ್ದರೆ ನಾನು ನಂಬಲು ಸಿದ್ಧಳಿದ್ದೆ.

ಕಾಯಿಲೆ ಬಿದ್ದ ಹನ್ನೊಂದನೇ ತಿಂಗಳಿಗೆ ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾದೆ. ಡಿಪೋದಲ್ಲಿ ನಿಂತಿದ್ದ ಖಾಲಿ ಬಸ್ಸನ್ನು ಹತ್ತಿ ಇಳಿದು ತೋರಿಸಿದೆ. ಸೋಮವಾರದಿಂದ ಡ್ಯೂಟಿ ಎಂದು ಕಾಗದ ಕೊಟ್ಟರು. ಕಂಬಿ, ಮೆಟ್ಟಿಲು, ಹಲಗೆಗಳನ್ನು ದೇವರಾಜ ಅರಸು ಬಡಾವಣೆಯಲ್ಲಿ ಪಾರ್ಶ್ವವಾಯುವಾಗಿ ಮಲಗಿದ್ದ ಒಬ್ಬರ ಮನೆಗೆ ಕಳಿಸಲು ಇಮಾಮ್ ಸಾಬರೇ ಒಪ್ಪಿಕೊಂಡಿದ್ದರು. ನನಗೆ ಇನ್ನು ಅವರಿಂದ ಬೇಕಾದ್ದು ಏನೂ ಉಳಿದಿರಲಿಲ್ಲ. ಶನಿವಾರ ಬೆಳಿಗ್ಗೆ, ಮಂಜಣ್ಣನಿಗೂ ಹೇಳದೆ, ಪ್ರಯಾಣಿಕಳಾಗಿ ಟಿಕೆಟ್ ತೆಗೆಸಿಕೊಂಡು ಹರಿಹರಕ್ಕೆ ಹೋದೆ.

ಅವರ ಮನೆ ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಮುಂದೆ ಮರಗೆಲಸದ ಕೋಣೆ, ಹಿಂದೆ ವಾಸ. ಅವರು ಬಾಗಿಲ ಚೌಕಟ್ಟಿಗೆ ಕೀಸುಳಿ ಹಾಕಿ ನಯ ಮಾಡುತ್ತಿದ್ದರು. ನನ್ನನ್ನು ನೋಡಿ ಎದ್ದು, ಮರದ ಹೊಟ್ಟು ಒರೆಸಿ ಸ್ಟೂಲ್ ಕೊಟ್ಟರು. ಒಳಗೆ ಹೆಂಡತಿಗೆ ಚಹಾಕ್ಕೆ ಹೇಳಿದರು. ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು.

"ಅಣ್ಣಾ, ಆವತ್ತು ಮಧ್ಯಾಹ್ನ ಮೂರು ಗಂಟೆಗೆ ನಸೀಮಾ ನನಗೆ ಹೇಳಿದ್ಲು, ನೀರು ಗಂಟ್ಲಾಗೆ ಇಳಿಯವಲ್ದು ಅಂತ. ಸಿಸ್ಟರಿಗೆ ಹೇಳಬ್ಯಾಡ್ರಿ ಅಂದ್ಲು. ನಾನು ಹೇಳ್ಲಿಲ್ಲ. ಇಷ್ಟು ದಿನ ನಿಮಗೂ ಹೇಳ್ಲಿಲ್ಲ."

ಅವರು ಕೀಸುಳಿಯನ್ನು ಮೆಲ್ಲಗೆ ಮಗ್ಗುಲಾಗಿ ಇಟ್ಟರು. ಒಳಗಿನ ಪರದೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನನಗೆ ಐದು ಗಂಟೆಗೆ ಹೇಳಿದ್ಲು."

ನನಗೆ ಮೊದಲು ಅರ್ಥವಾಗಲಿಲ್ಲ.

"ನೀರು ಕುಡಿಸಾಕ ಹೋದೆ. ಬ್ಯಾಡ ಅಬ್ಬಾ, ನಿಲ್ತೈತೆ ಅಂದ್ಲು. ಇವತ್ತೊಂದಿನ ಯಾರಿಗೂ ಹೇಳಬ್ಯಾಡ, ಪೈಪ್ ಹಾಕ್ತಾರೆ ಅಂತ ಅತ್ಲು. ಅವಳು ಸಣ್ಣಾಕಿದ್ದಾಗಿಂದ ಹಂಗೇ, ಅತ್ರೆ ನನಗೆ ಇಲ್ಲ ಅನ್ನಾಕ ಬರಂಗಿಲ್ಲ. ಆತು ಬಿಡು ಅಂದೆ. ಬಸ್ಸು ಹಿಡಿದು ಮನಿಗೆ ಬಂದ್ಬಿಟ್ಟೆ."

ಹೊರಗೆ ಯಾರೋ ಗಾಡಿಯಲ್ಲಿ ಉಪ್ಪು ಮಾರುತ್ತ ಹೋದರು. ಆಮೇಲೆ ಅವರು, ಪ್ರತಿ ವಾರ ಶಾಮನೂರಿಗೆ ಬರುತ್ತಿದ್ದದ್ದು ಸ್ಕ್ರೂ ಬಿಗಿ ಮಾಡಲಿಕ್ಕಲ್ಲ, ನನ್ನನ್ನು ಒಂದು ಮಾತು ಕೇಳಲಿಕ್ಕೆ, ಕೇಳಲು ಬಾಯಿ ಬರುತ್ತಿರಲಿಲ್ಲ ಅಂದರು. ಏನು ಕೇಳಬೇಕಿತ್ತು ಅಂದೆ.

"ನಾನು ಅಲ್ಲಿಂದ ಎದ್ದು ಬಂದ ಮ್ಯಾಲೆ ಏನಾದ್ರೂ ಅಂದ್ಲೇನ್ರಿ? ನನ್ನ ಕರೆದ್ಲೇನು?"

ಏನಾದರೊಂದು ಹೇಳಿಬಿಡಬಹುದಿತ್ತು. ಅಬ್ಬ ಊಟ ಮಾಡಿದರೋ ಇಲ್ಲವೋ ಅಂದಳು ಎನ್ನಬಹುದಿತ್ತು. ಅವಳು ಹಾಗೆ ಅನ್ನುವಂಥ ಹುಡುಗಿಯೇ. ಅವರ ಕಣ್ಣು ನನ್ನ ಬಾಯಿಯ ಮೇಲಿತ್ತು.

"ಗೊತ್ತಿಲ್ಲಣ್ಣ. ನನಗೆ ನಿದ್ದೆ ಹತ್ತಿತ್ತು."

ಅವರು ತಲೆಯಾಡಿಸಿದರು. ಬಹಳ ಹೊತ್ತು ಆಡಿಸುತ್ತಲೇ ಇದ್ದರು. ಮಗಳ ಮಾತಿಗೆ ತಾವು ಹೂಂ ಅಂದದ್ದು ಒಳಗಿರುವ ಹೆಂಡತಿಗೆ ಗೊತ್ತಿಲ್ಲ ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಪರದೆ ಸರಿಸಿ ನಸೀಮಾಳ ತಾಯಿ ಚಹಾ ತಂದರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಗಿಡ್ಡ ಹೆಂಗಸು. ಚಹಾ ಬೆಂಚಿನ ಮೇಲಿಟ್ಟು, ನೀವೇ ಏನು ಬಸ್ಸಿನ ಅಕ್ಕ ಎಂದು ಕೇಳಿದರು. ಹೌದು ಅಂದೆ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಚಹಾ ಆಮೇಲೆ ಕುಡಿರಂತೆ. ಮೊದ್ಲು ಸ್ವಲ್ಪ ನಡೆದು ತೋರಿಸ್ರಿ."

ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಎಂಟು ಹೆಜ್ಜೆ. ಮರದ ಹೊಟ್ಟಿನ ಮೇಲೆ ಏನೂ ಹಿಡಿಯದೆ ನಡೆದೆ. ತಿರುಗಿ ಬಂದೆ. ಇಮಾಮ್ ಸಾಬರು ನೆಲ ನೋಡುತ್ತಿದ್ದರು. ತಾಯಿ ನನ್ನ ಮುಖ ನೋಡಲಿಲ್ಲ, ಪಾದಗಳನ್ನೇ ನೋಡುತ್ತಿದ್ದರು. ನಾನು ನಿಂತಾಗ ಸೆರಗಿನಿಂದ ಬಾಯಿ ಒತ್ತಿಕೊಂಡು ಕೈಯಲ್ಲೇ ಸನ್ನೆ ಮಾಡಿದರು, ಇನ್ನೊಂದು ಸಲ. ನಾನು ಮತ್ತೆ ಆ ಗೋಡೆಯ ಕಡೆ ತಿರುಗಿದೆ.